ಗಾಳವಿಲ್ಲದ ಶಿಫಾರಸು: ಅದ್ಭುತ ಕಾದಂಬರಿಗಳೂ ನಾಲ್ಕು ತಾಲೂಕುಗಳ ಓದುಗರೂ

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳಿಗೆ ಸೇವೆಗೆಂದು ಹೋಗುವ ಸಭಾಪಾಲಕರಿಗೆ ಬೋಧನೆ, ಸಂಸ್ಕಾರ, ರೋಗಿಗಳ ಭೇಟಿ ಇವುಗಳ ಜೊತೆಗೆ ಇನ್ನೊಂದು ಸಣ್ಣ ಕೆಲಸವೂ ತಾನಾಗಿ ಬಂದು ಸೇರುತ್ತದೆ. ಊರಿನಲ್ಲಿ ಓದಿಕೊಂಡವರೆಂದು ಗುರುತಾದವರನ್ನು ಗ್ರಂಥಾಲಯದ ಮೇಲ್ವಿಚಾರಕರು, ಶಿಕ್ಷಕರು, ಕೆಲವೊಮ್ಮೆ ತಂದೆತಾಯಿಗಳು ಯಾವ ಪುಸ್ತಕ ತರಿಸಬಹುದೆಂದು ವಿಚಾರಿಸುತ್ತಾರೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾದವು. ಮರುವರ್ಷ ಮಕ್ಕಳಿಗಾಗಿ ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾಯಿತು. ಈಗ ಅವುಗಳಿಗೆ ‘ಅರಿವು ಕೇಂದ್ರ’ವೆಂಬ ಹೆಸರು. ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿಗಳ ಪಕ್ಕದಲ್ಲಿ ಕಥೆಯ ಪುಸ್ತಕಗಳಿಗೂ ಸ್ಥಳವಾಗಿದೆ. ಚಲನಚಿತ್ರಗಳ ಮೂಲಕ ಮಾಂತ್ರಿಕ ಲೋಕಗಳನ್ನು ಕಂಡ ಹದಿಹರೆಯದವರು ಅಂಥದ್ದೇ ಕಾದಂಬರಿಗಳನ್ನು ಕೇಳುತ್ತಾರೆ. ಆಗ ಸಭಾಪಾಲಕರು ಏನು ಹೇಳಬೇಕು? ಈ ಪ್ರಶ್ನೆಯನ್ನು ನಮ್ಮಲ್ಲಿ ಹಲವರು ಹಗುರವಾದದ್ದೆಂದು ಬದಿಗಿಡುತ್ತಾರೆ. ಹಾಗೆ ಬದಿಗಿಡಬಾರದೆಂದು ನಾವು ಭಾವಿಸುತ್ತೇವೆ.

ಸಾಮಾನ್ಯವಾಗಿ ಏಳುವ ಪ್ರಶ್ನೆ ಇದು: ಮಾಟಮಂತ್ರಗಳಿರುವ ಕಥೆಯನ್ನು ಕ್ರೈಸ್ತನು ಸೂಚಿಸಬಹುದೇ? ಧರ್ಮೋಪದೇಶಕಾಂಡದ 18ನೆಯ ಅಧ್ಯಾಯವನ್ನು ತೆರೆದಿಟ್ಟು ಕೂಡದೆನ್ನುವವರಿದ್ದಾರೆ. ಕಥೆಯೊಳಗೆ ಸುವಾರ್ತೆಯು ಅಡಗಿದ್ದರೆ ಆಗಬಹುದೆನ್ನುವವರೂ ಇದ್ದಾರೆ. ಎರಡನೆಯವರು ಉದಾರಿಗಳಂತೆ ತೋರುತ್ತಾರೆ. ಆದರೆ ನಮ್ಮನ್ನು ಹೆಚ್ಚು ಚಿಂತೆಗೀಡುಮಾಡುವವರು ಅವರೇ. ಸಾರ್ವಜನಿಕ ಗ್ರಂಥಾಲಯದ ಕಪಾಟು ಸಭೆಯ ಕಪಾಟಲ್ಲ. ಅಲ್ಲಿ ಕೂತು ಓದುವ ಹುಡುಗಿ ಲಿಂಗಾಯತಳಿರಬಹುದು, ಮುಸಲ್ಮಾನಳಿರಬಹುದು, ನಮ್ಮದೇ ಸಭೆಯವಳಿರಬಹುದು. ಅವಳಿಗೆ ಪುಸ್ತಕವನ್ನು ಕೊಡುವಾಗ ಅದರೊಳಗೆ ನಾವೇ ಬಲ್ಲ, ಅವಳಿಗೆ ತಿಳಿಯದ ಒಂದು ಅರ್ಥವನ್ನು ಬಚ್ಚಿಟ್ಟು ಕೊಟ್ಟರೆ ಅದು ಶಿಫಾರಸಲ್ಲ, ಗಾಳ. ಕ್ರೈಸ್ತನ ಕೈಯಿಂದ ಬಂದ ಯಾವ ಕಾಗದವನ್ನಾದರೂ ಎರಡು ಸಲ ತಿರುಗಿಸಿ ನೋಡುವ ಕಾಲವಿದು. ಆ ಅನುಮಾನ ಅನ್ಯಾಯವಾದದ್ದೆಂದು ನಾವು ದೂರುತ್ತೇವೆ; ಅನುಮಾನಕ್ಕೆ ತಕ್ಕಂತೆಯೇ ನಡೆದುಕೊಂಡು ದೂರುವುದು ಸಲ್ಲದು.

ರೂಪಕಕಥೆಯ ಮೇಲಿನ ನಮ್ಮ ಒಲವಿಗೆ ಇತಿಹಾಸವಿದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಬಾಸೆಲ್ ಮಿಷನ್ ಮಂಗಳೂರಿನಿಂದ ‘ಯಾತ್ರಿಕನ ಸಂಚಾರ’ವನ್ನು ಹೊರತಂದಿತು. ಜಾನ್ ಬನಿಯನ್ 1678ರಲ್ಲಿ ಪ್ರಕಟಿಸಿದ ಆ ಕೃತಿ ಕನ್ನಡ ಗದ್ಯಕ್ಕೆ ಮಾಡಿದ ಉಪಕಾರ ಸಣ್ಣದಲ್ಲ. ಬನಿಯನ್ ಯಾರನ್ನೂ ವಂಚಿಸುವುದಿಲ್ಲ. ಪಾತ್ರಗಳ ಹೆಸರೇ ಅವುಗಳ ಅರ್ಥವನ್ನು ಸಾರುತ್ತವೆ. ಆದರೆ ಆ ಪುಸ್ತಕ ನಮ್ಮಲ್ಲಿ ಒಂದು ಓದುವ ಅಭ್ಯಾಸವನ್ನು ಬೆಳೆಸಿತು. ಪ್ರತಿಯೊಂದು ಅದ್ಭುತಕ್ಕೂ ಒಂದು ಬೀಗವಿದೆ, ಕೀಲಿಕೈ ಪಾಲಕನ ಜೇಬಿನಲ್ಲಿದೆ ಎಂಬ ಅಭ್ಯಾಸ ಅದು. ಸಿಂಹ ಕಂಡರೆ ಕ್ರಿಸ್ತ, ಸೇತುವೆ ಕಂಡರೆ ಶಿಲುಬೆ. ನಮ್ಮ ಭಾನುವಾರದ ಶಾಲೆಗಳಲ್ಲಿ ಇದು ಇಂದಿಗೂ ನಡೆದಿದೆ.

ಇಪ್ಪತ್ತನೆಯ ಶತಮಾನದಲ್ಲಿ ಅದ್ಭುತಕಥೆಗೆ ಹೊಸ ಜೀವ ಕೊಟ್ಟ ಇಬ್ಬರು ಕ್ರೈಸ್ತ ಲೇಖಕರು ಈ ಅಭ್ಯಾಸವನ್ನು ಒಪ್ಪಲಿಲ್ಲವೆಂಬುದನ್ನು ನಾವು ಮರೆಯುತ್ತೇವೆ. ಕಥೋಲಿಕರಾದ ಟೋಲ್ಕಿನ್ 1939ರಲ್ಲಿ ಸೇಂಟ್ ಆಂಡ್ರೂಸ್‌ನಲ್ಲಿ ಕಿನ್ನರಕಥೆಗಳನ್ನು ಕುರಿತು ಉಪನ್ಯಾಸ ಮಾಡಿದರು. ಸೃಷ್ಟಿಕರ್ತನ ಸ್ವರೂಪದಲ್ಲಿ ಉಂಟಾದ ಮನುಷ್ಯ ತಾನೂ ಉಪಸೃಷ್ಟಿಯಲ್ಲಿ ತೊಡಗುವುದು ಸಹಜವೆಂಬುದು ಅವರ ವಾದದ ತಿರುಳು. ಮುಂದೆ ತಮ್ಮ ದೊಡ್ಡ ಕಾದಂಬರಿಯ ಎರಡನೆಯ ಆವೃತ್ತಿಯ ಮುನ್ನುಡಿಯಲ್ಲಿ ಅವರು ರೂಪಕಕಥೆಯ ಬಗ್ಗೆ ತಮ್ಮ ಅರುಚಿಯನ್ನು ಬಿಚ್ಚುಮಾತಿನಲ್ಲಿ ತಿಳಿಸಿದರು: ರೂಪಕಕಥೆಯಲ್ಲಿ ಲೇಖಕನ ಉದ್ದೇಶ ಓದುಗನನ್ನು ಆಳುತ್ತದೆ, ತಾವು ಬಯಸುವುದಾದರೋ ಕಥೆಯನ್ನು ತನ್ನ ಬಾಳಿಗೆ ಅನ್ವಯಿಸಿಕೊಳ್ಳುವ ಓದುಗನ ಸ್ವಾತಂತ್ರ್ಯವನ್ನು. ನಾರ್ನಿಯಾದ ಏಳು ಪುಸ್ತಕಗಳನ್ನು ಬರೆದ ಸಿ. ಎಸ್. ಲೂಯಿಸ್ ಕೂಡ ತಮ್ಮ ಕಥೆ ಮನಸ್ಸಿಗೆ ಹೊಳೆದ ಚಿತ್ರಗಳಿಂದ ಹುಟ್ಟಿತೇ ಹೊರತು ಉಪದೇಶದಿಂದಲ್ಲವೆಂದೂ ಅದು ರೂಪಕಕಥೆಯಲ್ಲವೆಂದೂ ವಾದಿಸಿದರು. ಲೂಯಿಸರ ಪುಸ್ತಕಗಳ ಮಟ್ಟಿಗೆ ಈ ವಾದ ಪೂರ್ತಿ ನಿಲ್ಲುವುದೆಂದು ನಮಗನ್ನಿಸುವುದಿಲ್ಲ. ಏನೇ ಇರಲಿ, ಓದುಗನ ಸ್ವಾತಂತ್ರ್ಯವೆಂಬ ಆ ಮಾತು ಪಾಲಕೀಯ ಸೇವೆಯ ಮಾತೂ ಹೌದು.

ನಾತಾನನ ಉದಾಹರಣೆಯನ್ನು ಕೊಟ್ಟು ಆಕ್ಷೇಪಿಸುವವರಿದ್ದಾರೆ. ಬಡವನ ಕುರಿಮರಿಯ ಕಥೆಯಲ್ಲಿ ಪ್ರವಾದಿಯು ಅರ್ಥವನ್ನು ಬಚ್ಚಿಟ್ಟೇ ಹೇಳಲಿಲ್ಲವೇ, ದಾವೀದನು ಸಿಕ್ಕಿಬೀಳಲಿಲ್ಲವೇ? ಹೌದು. ಆದರೆ ಕೇಳುತ್ತಿದ್ದವನು ಸಿಂಹಾಸನದ ಮೇಲಿದ್ದನು. ಹೇಳುತ್ತಿದ್ದವನು ತಲೆಯನ್ನು ಕೈಯಲ್ಲಿ ಹಿಡಿದುಕೊಂಡು ಬಂದಿದ್ದನು. ಶೆಕೆಮಿನವರ ಎದುರು ಮರಗಳು ಅರಸನನ್ನು ಹುಡುಕಿದ ಕಥೆಯನ್ನು ಹೇಳಿದ ಯೋತಾಮನೂ ಹಾಗೆಯೇ, ಹೇಳಿ ಮುಗಿಸಿ ಓಡಿಹೋದವನು. ಬಲಿಷ್ಠರ ಮನಸ್ಸಾಕ್ಷಿಯನ್ನು ಚುಚ್ಚಲು ಬಲಹೀನರು ಬಳಸಿದ ಆಯುಧವನ್ನು, ಗ್ರಂಥಾಲಯದ ಚಾಪೆಯ ಮೇಲೆ ಕೂತ ಹನ್ನೆರಡು ವರ್ಷದ ಮಗುವಿನ ಮೇಲೆ ಬಳಸಲು ನಾತಾನನು ನಮಗೆ ಅನುಮತಿ ಕೊಟ್ಟಿಲ್ಲ.

ಈ ಸೀಮೆಯ ಸಭೆಯ ಇತಿಹಾಸದಲ್ಲಿಯೇ ಇದಕ್ಕೆ ಹತ್ತಿರದ ಒಂದು ಪ್ರಸಂಗವಿದೆ. ಮುದ್ದೇಬಿಹಾಳದಿಂದ ಪೂರ್ವಕ್ಕೆ, ಈಗಿನ ಯಾದಗಿರಿ ಜಿಲ್ಲೆಯಲ್ಲಿರುವ ಕೊಡೇಕಲ್ ಕಾಲಜ್ಞಾನ ಸಾಹಿತ್ಯದ ದೊಡ್ಡ ನೆಲೆ. ಬರಲಿರುವ ವೀರವಸಂತರಾಯ, ಉರುಳಲಿರುವ ರಾಜ್ಯಗಳು, ತಲೆಕೆಳಗಾಗಲಿರುವ ಲೋಕ, ಇವೆಲ್ಲ ಕಾಲಜ್ಞಾನದ ವಚನಗಳಲ್ಲಿ ತುಂಬಿವೆ. ದಾನಿಯೇಲನ ಮೃಗಗಳನ್ನೂ ಪ್ರಕಟನೆಯ ಘಟಸರ್ಪವನ್ನೂ ಬಲ್ಲ ನಾವು ಇವುಗಳನ್ನು ಅಪರಿಚಿತವೆಂದು ಹೇಳಲಾರೆವು. 1840ರ ಆಸುಪಾಸಿನಲ್ಲಿ ಧಾರವಾಡದ ಕಡೆಯ ಕಾಲಜ್ಞಾನಿಗಳ ಒಂದು ಗುಂಪು ಬಾಸೆಲ್ ಮಿಷನರಿಗಳನ್ನು ಸಂಪರ್ಕಿಸಿತು. ತಮ್ಮ ಭವಿಷ್ಯವಾಣಿಗಳು ನೆರವೇರುವ ಕಾಲ ಬಂದಿತೆಂದು ಅವರು ಎಣಿಸಿದ್ದರು. ಇವರ ಪುಸ್ತಕವೇ ನಮಗೆ ಬಾಗಿಲಾಯಿತೆಂದು ಮಿಷನರಿಗಳು ಎಣಿಸಿದರು. ಗದಗಿನ ಬಳಿಯ ಮಲಸಮುದ್ರದಲ್ಲಿ ಅವರಿಗಾಗಿ ಕೃಷಿಯ ನೆಲೆಯೊಂದು ಸಿದ್ಧವಾಯಿತು. ನಿರೀಕ್ಷಿಸಿದ ಜನ ಬರಲಿಲ್ಲ. ಈ ಪ್ರಸಂಗವನ್ನು ಮಿಷನ್ ಚರಿತ್ರೆಯಲ್ಲಿ ಸಾಮಾನ್ಯವಾಗಿ ಕಾಲಜ್ಞಾನಿಗಳ ಚಂಚಲತೆಯ ದೃಷ್ಟಾಂತವಾಗಿ ಓದಲಾಗುತ್ತದೆ. ನಮಗೆ ಬೇರೆಯೊಂದು ಓದು ಸರಿಯೆನ್ನಿಸುತ್ತದೆ: ಆ ಜನರ ಕಥೆಯನ್ನು ಅದು ಏನು ಹೇಳುತ್ತದೆಂದು ಯಾರೂ ಕೊನೆಯವರೆಗೆ ಕೇಳಲಿಲ್ಲ. ಅದನ್ನು ಬಾಗಿಲಾಗಿ ಬಳಸಿದವರು ಕೋಣೆಯನ್ನು ನೋಡಲಿಲ್ಲ.

ಇನ್ನು ಮಾಟಮಂತ್ರದ ಪ್ರಶ್ನೆ. ಎಫೆಸದಲ್ಲಿ ಮಂತ್ರವಿದ್ಯೆಯ ಪುಸ್ತಕಗಳನ್ನು ಸುಟ್ಟದ್ದನ್ನು ಅಪೊಸ್ತಲರ ಕೃತ್ಯಗಳು 19ನೆಯ ಅಧ್ಯಾಯದಲ್ಲಿ ಓದುತ್ತೇವೆ; ಅವುಗಳ ಬೆಲೆ ಐವತ್ತು ಸಾವಿರ ಬೆಳ್ಳಿನಾಣ್ಯಗಳೆಂದು ಲೂಕನು ಲೆಕ್ಕವನ್ನೂ ಕೊಡುತ್ತಾನೆ. ಅವರು ಸುಟ್ಟದ್ದು ತಮ್ಮ ಸ್ವಂತ ಪುಸ್ತಕಗಳನ್ನು, ಅದೂ ಕಥೆಗಳನ್ನಲ್ಲ, ಪ್ರಯೋಗದ ಕೈಪಿಡಿಗಳನ್ನು. ಊರಿನ ಗ್ರಂಥಾಲಯಕ್ಕೆ ಯಾರೂ ಬೆಂಕಿಯನ್ನು ಒಯ್ಯಲಿಲ್ಲ. ನಮಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು 8ನೆಯ ಅಧ್ಯಾಯದ ಸಿಮೋನ. ಅವನ ತಪ್ಪು ಅದ್ಭುತವನ್ನು ಕಂಡು ಬೆರಗಾದದ್ದಲ್ಲ. ದಾನವಾಗಿ ಬರುವುದನ್ನು ಹಣಕ್ಕೆ ಕೊಂಡು ತನ್ನ ಕೈವಶ ಮಾಡಿಕೊಳ್ಳಲು ಹೊರಟದ್ದು. ಅದ್ಭುತ ಕಾದಂಬರಿಯನ್ನು ಅಳೆಯಲು ನಾವು ಒಂದೇ ಅಳತೆಗೋಲನ್ನು ಬಳಸಬೇಕಾದರೆ ಇದನ್ನೇ ಬಳಸುತ್ತೇವೆ. ಕಥೆಯಲ್ಲಿ ಮಂತ್ರವಿದೆಯೇ ಎಂಬುದಲ್ಲ, ಶಕ್ತಿಯನ್ನು ಪಡೆಯುವವರು ಅದನ್ನು ಹೇಗೆ ಪಡೆಯುತ್ತಾರೆ, ಪಡೆದು ಯಾರಿಗೆ ಏನು ಮಾಡುತ್ತಾರೆ ಎಂಬುದು.

ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ನೆಲದಲ್ಲಿ ನಿಂತು ಇದನ್ನು ಹೊಸ ಬೋಧನೆಯೆಂಬಂತೆ ಹೇಳಿದರೆ ನಗೆಪಾಟಲಾದೀತು. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿಯೂ ಶೂನ್ಯಸಂಪಾದನೆಗಳಲ್ಲಿಯೂ ಬರುವ ಗೋರಕ್ಷನ ಪ್ರಸಂಗ ಇಲ್ಲಿಯ ಪ್ರವಚನಗಳನ್ನು ಕೇಳಿದವರಿಗೆ ಹೊಸದಲ್ಲ. ಸಿದ್ಧಿಯಿಂದ ವಜ್ರದೇಹವನ್ನು ಗಳಿಸಿದ ಗೋರಕ್ಷನ ಮೇಲೆ ಬಿದ್ದ ಖಡ್ಗ ಖಣಿಲೆಂದು ಹಿಮ್ಮೆಟ್ಟುತ್ತದೆ; ಅದೇ ಖಡ್ಗ ಅಲ್ಲಮನ ದೇಹದಲ್ಲಿ ಬಯಲನ್ನು ಬೀಸಿದಂತೆ ಹಾದುಹೋಗುತ್ತದೆ. ಗಳಿಸಿಕೊಂಡ ಅದ್ಭುತಕ್ಕೂ ತನ್ನದೆಂಬುದನ್ನು ಕಳೆದುಕೊಂಡವನ ಅದ್ಭುತಕ್ಕೂ ಇರುವ ಅಂತರವನ್ನು ಇಷ್ಟು ಬಿಗಿಯಾಗಿ ತೋರಿಸುವ ದೃಶ್ಯಗಳು ವಿಶ್ವಸಾಹಿತ್ಯದಲ್ಲಿ ವಿರಳ. ಈ ಓದುಗರು ಅದ್ಭುತಕ್ಕೆ ಹೊಸಬರಲ್ಲ. ಇಂಡಿ ಸೀಮೆಯ ಹಲಸಂಗಿಯ ಗೆಳೆಯರು, ಮಧುರಚೆನ್ನರು ಮತ್ತು ಸಿಂಪಿ ಲಿಂಗಣ್ಣನವರಂಥವರು, ಇಲ್ಲಿಯ ಜನಪದದ ಸಂಪತ್ತನ್ನು ‘ಗರತಿಯ ಹಾಡು’ (1931) ಮೊದಲಾದ ಸಂಕಲನಗಳ ಮೂಲಕ ಕನ್ನಡಕ್ಕೆಲ್ಲ ಹಂಚಿದರು. 1949ರಿಂದ ಕನ್ನಡದಲ್ಲಿ ಬಂದ ‘ಚಂದಮಾಮ’ದ ಬೇತಾಳನನ್ನು ಹೆಗಲಮೇಲೆ ಹೊತ್ತು ಬೆಳೆದ ಎರಡು ತಲೆಮಾರುಗಳು ಇಲ್ಲಿವೆ. ಮುದ್ದೇಬಿಹಾಳದಲ್ಲಿ ರಕ್ಕಸಗಿ ಎಂಬ ಹೆಸರಿನ ಊರೇ ಇದೆ. 1565ರ ಯುದ್ಧಕ್ಕೆ ಅದರ ಹೆಸರೂ ಸೇರಿ ಇತಿಹಾಸವೂ ಪುರಾಣದ ಬಣ್ಣವನ್ನು ಪಡೆಯಿತು.

ಈಗ ಪುಸ್ತಕಗಳಿಗೆ ಬರುತ್ತೇವೆ. ಇತ್ತೀಚಿನವುಗಳಲ್ಲಿ ನಾವು ಮೊದಲು ಸೂಚಿಸುವುದು ಸುಸಾನಾ ಕ್ಲಾರ್ಕ್ ಅವರ ‘ಪಿರನೇಸಿ’ (2020). ಮರುವರ್ಷ ಬ್ರಿಟನ್ನಿನ ಮಹಿಳಾ ಕಾದಂಬರಿ ಪ್ರಶಸ್ತಿಯನ್ನು ಪಡೆದ ಸಣ್ಣ ಪುಸ್ತಕ. ಕೊನೆಯಿಲ್ಲದ ಹಜಾರಗಳಿರುವ ಒಂದು ಮನೆ. ಕೆಳಗಿನ ಅಂತಸ್ತುಗಳಲ್ಲಿ ಸಮುದ್ರ, ಮೇಲಿನವುಗಳಲ್ಲಿ ಮೋಡ, ಎಲ್ಲೆಲ್ಲೂ ಪ್ರತಿಮೆಗಳು. ಅಲ್ಲಿ ಬದುಕುವ ನಿರೂಪಕನಿಗೆ ತಾನು ಯಾರೆಂಬುದು ಮರೆತುಹೋಗಿದೆ. ಮನೆಯು ತನ್ನನ್ನು ಪೋಷಿಸುತ್ತಿದೆಯೆಂಬ ನಂಬಿಕೆ ಮಾತ್ರ ಉಳಿದಿದೆ. ಸತ್ತವರ ಅಸ್ಥಿಗಳಿಗೆ ಅವನು ನೀರು, ಆಹಾರ, ನೈದಿಲೆಗಳನ್ನು ಒಯ್ದಿಡುತ್ತಾನೆ. ವಾರಕ್ಕೆರಡು ಸಲ ಅವನನ್ನು ಭೇಟಿಯಾಗುವ ಇನ್ನೊಬ್ಬನಿಗೆ ಮನೆಯ ಮೇಲೆ ಪ್ರೀತಿಯಿಲ್ಲ; ಅದರಲ್ಲಿ ಅಡಗಿರುವ ರಹಸ್ಯಜ್ಞಾನವನ್ನು ಕಿತ್ತುಕೊಂಡು ಇತರರ ಮೇಲೆ ಅಧಿಕಾರ ನಡೆಸುವುದು ಅವನ ಗುರಿ. ಸಿಮೋನನನ್ನೂ ಗೋರಕ್ಷನನ್ನೂ ಬಲ್ಲವರು ಇವನನ್ನು ಒಡನೆ ಗುರುತಿಸುತ್ತಾರೆ.

ಪುಸ್ತಕದಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಒಂದು ಸಣ್ಣ ಸಂಗತಿ. ದೊಡ್ಡ ಕಡಲಹಕ್ಕಿಗಳ ಜೋಡಿಯೊಂದು ಹಜಾರಕ್ಕೆ ಬಂದು ಗೂಡುಕಟ್ಟಲು ನೋಡುತ್ತದೆ. ನಿರೂಪಕನು ಚಳಿಗಾಲದ ಉರುವಲಿಗೆಂದು ಒಣಗಿಸಿಟ್ಟ ಕಡಲಪಾಚಿಯನ್ನು ಅವುಗಳಿಗೆ ಕೊಟ್ಟುಬಿಡುತ್ತಾನೆ. ತಾನು ಎಷ್ಟು ದಿನ ಚಳಿಯಲ್ಲಿರಬೇಕಾಗುವುದೆಂದು ಲೆಕ್ಕ ಹಾಕಿಯೇ ಕೊಡುತ್ತಾನೆ. ಆ ವರ್ಷಕ್ಕೆ ಹಕ್ಕಿಯ ಹೆಸರನ್ನೇ ಇಡುತ್ತಾನೆ. ವಿಧವೆಯ ಎರಡು ಕಾಸುಗಳನ್ನು ಕುರಿತು ಬೋಧಿಸಿ ಬೋಧಿಸಿ ಸವೆದುಹೋದ ನಮ್ಮ ಕಿವಿಗೆ ಇದು ಮತ್ತೆ ಕೇಳುವಂತೆ ಮಾಡುತ್ತದೆ. ಹಾಗೆಂದು ಹಕ್ಕಿಯು ಪವಿತ್ರಾತ್ಮನೆಂದು ಬೋಧಿಸಲು ಹೊರಡುವವರನ್ನು ತಡೆಯಬೇಕು. ಕ್ಲಾರ್ಕ್ ಮೆಥಡಿಸ್ಟ್ ಸಭಾಪಾಲಕರೊಬ್ಬರ ಮಗಳು; ಕಾದಂಬರಿಯ ಆರಂಭದಲ್ಲಿ ನಾರ್ನಿಯಾದ ಒಂದು ಪುಸ್ತಕದ ಸಾಲುಗಳಿವೆ; ಖಳನ ಮನೆತನದ ಹೆಸರೂ ಅಲ್ಲಿಂದಲೇ ಬಂದದ್ದು. ಕೀಲಿಕೈ ಹುಡುಕುವವರಿಗೆ ಇಷ್ಟು ಸಾಕು. ಆದರೆ ಮನೆಯನ್ನು ಬಿಡಿಸಬೇಕಾದ ಒಗಟೆಂದು ನೋಡುವುದೇ ತಪ್ಪೆಂದು, ಮನೆಯು ಮನೆಯಾಗಿರುವುದರಿಂದಲೇ ಬೆಲೆಯುಳ್ಳದ್ದೆಂದು ನಿರೂಪಕನು ಕಂಡುಕೊಳ್ಳುವುದೇ ಈ ಪುಸ್ತಕದ ನಡುಮನೆ. ಸೃಷ್ಟಿಯನ್ನು ಕುರಿತ ನಮ್ಮ ಬೋಧನೆಯಲ್ಲಿ ಈ ಮಾತಿಗೆ ಸಿಗಬೇಕಾದಷ್ಟು ಸ್ಥಳ ಸಿಕ್ಕಿಲ್ಲ.

ಬಾಗೇವಾಡಿ ಮತ್ತು ಮುದ್ದೇಬಿಹಾಳದ ಓದುಗರಿಗೆ ಈ ಪುಸ್ತಕದಲ್ಲಿ ಇನ್ನೊಂದು ಸಂಬಂಧವಿದೆ. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿ ಜಲಾಶಯವೂ ಅದರ ಕೆಳಗಿನ ನಾರಾಯಣಪುರದ ಜಲಾಶಯವೂ ಕೃಷ್ಣೆಯ ದಂಡೆಯ ಎಷ್ಟೋ ಊರುಗಳನ್ನು ಎಬ್ಬಿಸಿದವು. ನೀರು ಇಳಿದಾಗ ಕಾಣುವ ಗುಡಿಯ ಕಂಬ, ಏರಿದಾಗ ಮರೆಯಾಗುವ ಕಟ್ಟೆ, ಪುನರ್ವಸತಿ ಕೇಂದ್ರಗಳಲ್ಲಿ ಬೆಳೆದವರಿಗೆ ಇವು ಕಲ್ಪನೆಯಲ್ಲ. ಮುಳುಗಿದ ಹಜಾರಗಳಲ್ಲಿ ಸತ್ತವರಿಗೆ ಹೂವೊಯ್ಯುವವನ ಕಥೆಯನ್ನು ಅವರು ನಮಗಿಂತ ಚೆನ್ನಾಗಿ ಓದಿಯಾರು. ಕೊನೆಯ ಭಾಗದಲ್ಲಿ ಕಾದಂಬರಿ ಪತ್ತೇದಾರಿಯ ದಾರಿ ಹಿಡಿದು ತುಸು ಸಪ್ಪಗಾಗುತ್ತದೆ ಎಂಬುದನ್ನೂ ಹೇಳಬೇಕು. ವಿವರಣೆ ಹೆಚ್ಚಿದಷ್ಟೂ ಬೆರಗು ತಗ್ಗುತ್ತದೆ.

ಎರಡನೆಯದು ಶ್ರೀಲಂಕಾದ ವಜ್ರ ಚಂದ್ರಶೇಖರ ಅವರ ‘ದಿ ಸೇಂಟ್ ಆಫ್ ಬ್ರೈಟ್ ಡೋರ್ಸ್’ (2023), ನೆಬ್ಯುಲಾ ಪ್ರಶಸ್ತಿ ಪಡೆದ ಕೃತಿ. ಇದನ್ನು ನಾವು ಮಕ್ಕಳಿಗಲ್ಲ, ನಿಮಗೆ, ಅಂದರೆ ಸೆಮಿನರಿಯಲ್ಲಿರುವವರಿಗೂ ಪೀಠದ ಹಿಂದೆ ನಿಂತವರಿಗೂ ಸೂಚಿಸುತ್ತೇವೆ. ಹುಟ್ಟಿದ ಕೂಡಲೇ ತಾಯಿಯು ಮಗುವಿನ ನೆರಳನ್ನು ಕಿತ್ತುಬಿಡುತ್ತಾಳೆ. ಸಂತನೆಂದು ಪೂಜೆಗೊಳ್ಳುವ ಅವನ ತಂದೆಯನ್ನು ಕೊಲ್ಲಲೆಂದೇ ಅವನನ್ನು ಬೆಳೆಸುತ್ತಾಳೆ. ಅವನು ಬೆಳೆದು ಮಹಾನಗರಕ್ಕೆ ಬಂದು, ತನ್ನಂತೆಯೇ ಯಾವುದೋ ಮತದ ರಕ್ಷಕರಾಗಬೇಕಾಗಿದ್ದು ಆಗದೆಹೋದವರ ಒಂದು ಕೂಟವನ್ನು ಸೇರುತ್ತಾನೆ. ಆರಿಸಲ್ಪಡದವರ ಕೂಟ! ದೇವರು ಆರಿಸಿಕೊಂಡ ಜನ ಎಂಬ ಮಾತನ್ನು ದಿನವೂ ನುಡಿಯುವ ನಮಗೆ ಇಂಥ ಕಲ್ಪನೆ ಹೊಳೆಯುವುದು ಕಷ್ಟ. ಬಹುಕಾಲ ಮುಚ್ಚಿದ ಬಾಗಿಲುಗಳು ಆ ನಗರದಲ್ಲಿ ತೆರೆಯಲಾಗದ ಹೊಳೆವ ಬಾಗಿಲುಗಳಾಗಿಬಿಡುತ್ತವೆ. ಜಾತಿ, ಕುಲ, ಗುರುತಿನ ಚೀಟಿ, ದಿಗ್ಬಂಧನ, ಶಿಬಿರ, ಆಗಾಗ ಎರಗುವ ಗುಂಪುಹತ್ಯೆ ಇವೆಲ್ಲ ಅಲ್ಲಿಯ ದಿನಚರಿ. ಬೌದ್ಧ ಪರಂಪರೆಯ ತಂದೆ-ಮಗನ ಕಥೆಯೊಂದು ಇದರ ಹಿಂದಿದೆ. ಚುಚ್ಚುಮಾತ್ರ ಎಲ್ಲ ಧರ್ಮಗಳಿಗೂ ತಗಲುತ್ತದೆ.

ಈ ಕಾದಂಬರಿಯನ್ನು ನಾವು ಸಂತೋಷದಿಂದ ಓದಲಿಲ್ಲ. ಪವಿತ್ರನೆಂದು ಕರೆಸಿಕೊಂಡವನು ಲೋಕದ ಚರಿತ್ರೆಯನ್ನೇ ತನಗೆ ಬೇಕಾದಂತೆ ತಿದ್ದಬಲ್ಲನೆಂಬ ಅದರ ನೋಟದಲ್ಲಿ ಕೃಪೆಗೆ ಎಡೆಯೇ ಇಲ್ಲವಲ್ಲ ಎಂಬ ಕೊರತೆ ನಮ್ಮನ್ನು ಕಾಡಿತು. ಆದರೂ ಸಿಂದಗಿ ತಾಲೂಕಿನವರಾದ ಎಂ. ಎಂ. ಕಲಬುರ್ಗಿಯವರು 2015ರಲ್ಲಿ ಧಾರವಾಡದ ತಮ್ಮ ಮನೆಯ ಬಾಗಿಲಲ್ಲೇ ಗುಂಡಿಗೆ ಬಲಿಯಾದದ್ದನ್ನು ಕಂಡ ನಾಡಿನಲ್ಲಿ, ಧರ್ಮವೂ ಹಿಂಸೆಯೂ ಒಂದೇ ಬೀದಿಯಲ್ಲಿ ಹೇಗೆ ನೆರೆಹೊರೆಯಾಗಿರುತ್ತವೆಂದು ಕೇಳುವ ಕಥೆಯನ್ನು ಬೇಡವೆನ್ನುವುದು ಹೇಗೆ? ಪಾಲಕನು ಇದನ್ನು ಓದಿ ಒಂದು ವಾರ ಬೋಧಿಸದೆ ಸುಮ್ಮನಿದ್ದರೂ ಲಾಭವೇ.

ಇವೆರಡೂ ಇಂಗ್ಲಿಷ್ ಪುಸ್ತಕಗಳು. ಪದವಿ ಓದುವ ಕೆಲವರನ್ನು ಬಿಟ್ಟರೆ ಅರಿವು ಕೇಂದ್ರದ ಓದುಗರಿಗೆ ನೇರವಾಗಿ ದಕ್ಕುವಂಥವಲ್ಲ. ಕನ್ನಡದಲ್ಲಿ ನಾವು ಸೂಚಿಸುವುದು ಚಂದ್ರಶೇಖರ ಕಂಬಾರರ ‘ಶಿಖರಸೂರ್ಯ’. ಅವರ ‘ಚಕೋರಿ’ ಮಹಾಕಾವ್ಯದ ಲೋಕದಿಂದಲೇ ಹೊರಟ ಈ ಕಾದಂಬರಿ ವಿದ್ಯೆಯನ್ನು ಅಧಿಕಾರದ ಮೆಟ್ಟಿಲಾಗಿಸಿಕೊಂಡವನ ಕಥೆ. ಗುಣಪಡಿಸಬಲ್ಲ ಕೈಯೇ ಆಳಲು ಹೊರಟಾಗ ಏನಾಗುತ್ತದೆಂಬುದನ್ನು ಅದು ಸಾವಧಾನವಾಗಿ, ಕೆಲವೆಡೆ ಅತಿ ಸಾವಧಾನವಾಗಿ ಹೇಳುತ್ತದೆ. ಶಿವಾಪುರವೆಂಬ ಕಂಬಾರರ ಕಲ್ಪನೆಯ ಊರು ಒಂದು ಕಡೆ, ಕನಕಪುರಿಯ ಅರಮನೆ ಇನ್ನೊಂದು ಕಡೆ. ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ ಬೆಳೆದ ಈ ಲೇಖಕರ ಕಥನದ ಲಯ ನಾಲ್ಕೂ ತಾಲೂಕುಗಳ ಹಿರಿಯರಿಗೆ ಮನೆಮಾತಿನಂತೆ ಒಗ್ಗುತ್ತದೆ. ದೇವಿಯ ಆರಾಧನೆಯು ಕಥೆಯ ನರನಾಡಿಗಳಲ್ಲಿರುವುದರಿಂದ ನಮ್ಮವರು ಕೆಲವರು ಹಿಂಜರಿಯಬಹುದು; ಆದರೆ ಬಾಗಿಲನ್ನಷ್ಟೇ ನೋಡಿ ಹಿಂತಿರುಗುವ ತಪ್ಪು ಮಲಸಮುದ್ರದಲ್ಲಿ ಒಮ್ಮೆ ಆಗಿದೆ. ಇದು ಬಾಲಕರ ಪುಸ್ತಕವಲ್ಲ. ಎಸ್. ಎಲ್. ಭೈರಪ್ಪನವರ ‘ಯಾನ’ವನ್ನು (2014) ಇದೇ ಸಾಲಿನಲ್ಲಿ ಸೇರಿಸುವವರಿದ್ದಾರೆ. ನಕ್ಷತ್ರಯಾನದ ಆ ಕಥೆಯಲ್ಲಿ ವಾದವೇ ಮುಂದಾಗಿ ಬೆರಗು ಹಿಂದುಳಿದಿರುವುದರಿಂದ ನಾವು ಸೇರಿಸಲಿಲ್ಲ.

ಮಕ್ಕಳ ವಿಷಯ ಉಳಿಯಿತು. ಅನುವಾದಗಳು ಬರುವವರೆಗೆ ಪುಸ್ತಕವನ್ನು ಓದಿದವರು ಬಾಯಲ್ಲಿ ಹೇಳುವುದೊಂದೇ ದಾರಿ; ಈ ಸೀಮೆಯಲ್ಲಿ ಅದು ಹಳೆಯ ದಾರಿಯೂ ಹೌದು. ಶನಿವಾರದ ಮಧ್ಯಾಹ್ನ ಅರಿವು ಕೇಂದ್ರದಲ್ಲಿ ‘ಪಿರನೇಸಿ’ಯ ಮೊದಲ ಭಾಗವನ್ನು ಕನ್ನಡದಲ್ಲಿ ಹೇಳಲು ಒಂದು ಗಂಟೆ ಸಾಕು. ಹೇಳುವವರು ಸಭಾಪಾಲಕರೆಂಬುದನ್ನು ಮೇಲ್ವಿಚಾರಕರಿಗೂ ಪೋಷಕರಿಗೂ ಮೊದಲೇ ತಿಳಿಸಿರಬೇಕು. ಕಥೆ ಮುಗಿದ ಮೇಲೆ ಇದರ ಅರ್ಥವೇನೆಂದು ಮಕ್ಕಳನ್ನು ಕೇಳಬಾರದು. ಅವರು ಕೇಳಿದರೆ, ಮನೆಯ ಯಾವ ಹಜಾರ ನಿಮಗೆ ಇಷ್ಟವಾಯಿತೆಂದು ತಿರುಗಿ ಕೇಳಬಹುದು.